ಶುಗರ್ ಇರುವವರ ಆಪರೇಷನ್ ಗಾಯ: ಮನೆಗೆ ಬಂದ ಮೇಲೆ ಫೋನಿನಲ್ಲಿ ನರ್ಸ್ ನೋಡಿಕೊಂಡ ಅನುಭವ ಯಾರಿಗಿದೆ?

ಸಿದ್ದಾಪುರದ ಮಗಳು

ಎಲ್ಲರಿಗೂ ನಮಸ್ಕಾರ. ಈ ಮಳೆಗಾಲ ನಮ್ಮ ಮನೆಯಲ್ಲಿ ನಡೆದದ್ದನ್ನು ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತೆ, ದಯವಿಟ್ಟು ಓದಿ.

ಅಪ್ಪನಿಗೆ 64 ವರ್ಷ. ಶುಗರ್ ಬಂದು 14 ವರ್ಷ. ಸಿದ್ದಾಪುರದಿಂದ ಒಳಗೆ ಅಡಿಕೆ ತೋಟದ ಮನೆ. ಮೇ ಕೊನೆಗೆ ತೋಟದಲ್ಲಿ ಬರಿಗಾಲಲ್ಲಿ ಓಡಾಡುವಾಗ ದಬ್ಬೆಯ ಸಿಬಿರು ಬಲಗಾಲಿನ ಬೆರಳಿಗೆ ಹೊಕ್ಕಿದೆ. ಅವರಿಗೆ ಗೊತ್ತೇ ಆಗಿಲ್ಲ. ಬಚ್ಚಲ ಕಲ್ಲಿನ ಮೇಲೆ ರಕ್ತದ ಕಲೆ ಕಂಡು ಆಯಿ (ನಮ್ಮ ಅಮ್ಮ) ಕೇಳಿದರೆ "ಎಂತದೂ ನೋವಿಲ್ಲೆ" ಅಂದರಂತೆ. ಹತ್ತು ದಿನದಲ್ಲಿ ಬೆರಳು ಕಪ್ಪಾಯ್ತು. ಹುಬ್ಬಳ್ಳಿಯಲ್ಲಿ ಎರಡು ಬೆರಳು ತೆಗೆದರು. ಆಗ ಎಚ್‌ಬಿಎ1ಸಿ (ಮೂರು ತಿಂಗಳ ಶುಗರ್ ಸರಾಸರಿ ತೋರಿಸುವ ಪರೀಕ್ಷೆ) 9.8 ಇತ್ತು. ಮೇಲೆ ನಾಲ್ಕು ಹೊಲಿಗೆ ಹಾಕಿ, ತುದಿಯಲ್ಲಿ ಒಂದಿಷ್ಟು ತೆರೆದೇ ಬಿಟ್ಟರು, ರಸಿಕೆ ಹೊರಗೆ ಹೋಗಲಿ ಅಂತ.

ಎಂಟನೇ ದಿನ ಡಿಸ್ಚಾರ್ಜ್. ನಮಗೆ ಹುಬ್ಬಳ್ಳಿಗೆ ಹೋಗಿಬರುವುದು ಅಂದರೆ ಇಡೀ ದಿನದ ಕೆಲಸ, ಅದೂ ಜೂನ್ ಮಳೆಯಲ್ಲಿ. ವಾರ್ಡಿನ ಸಿಸ್ಟರ್ ಒಬ್ಬರು ಅವರಾಗಿಯೇ ಹೇಳಿದರು, "ಡಾಕ್ಟರ್‌ಗೆ ಹೇಳಿದ್ದೇನೆ, ದಿನಾ ಫೋಟೋ ಕಳಿಸಿ, ದಿನ ಬಿಟ್ಟು ದಿನ ವಿಡಿಯೋ ಕಾಲ್ ಮಾಡೋಣ." ಆದರೆ ಹೊರಡುವ ಮೊದಲು ಆಯಿಯ ಕೈಯಲ್ಲೇ ಮೂರು ಸಲ ಡ್ರೆಸ್ಸಿಂಗ್ ಮಾಡಿಸಿದರು. ನಾನು ಕಲಿಯುತ್ತೇನೆ ಅಂದೆ. "ನೀವು ಎರಡು ವಾರ ಕಳೆದರೆ ಬೆಂಗಳೂರಿಗೆ ಹೋಗ್ತೀರಿ, ಮನೇಲಿ ಉಳಿಯೋರು ಅವರು" ಅಂದರು. ಆ ಮಾತಿನ ಬೆಲೆ ನನಗೆ ಆಮೇಲೆ ಗೊತ್ತಾಯ್ತು.

ಮನೆಯಲ್ಲಿ ಹೀಗೆ ನಡೀತು. ಬೆಳಿಗ್ಗೆ ಹನ್ನೊಂದಕ್ಕೆ ಅಪ್ಪ ಜಗುಲಿಯ ಚಿಟ್ಟೆ (ಕಟ್ಟೆ) ಮೇಲೆ ಕಾಲು ಚಾಚಿ ಕೂರೋದು. ಆಯಿ ಸೋಪಲ್ಲಿ ಕೈ ತೊಳೆದು, ಗ್ಲೌಸ್ ಹಾಕಿ, ಸಲೈನ್‌ನಿಂದ ಗಾಯ ತೊಳೆದು, ಗಾಜ್ ಬಟ್ಟೆ ಇಟ್ಟು ಕಟ್ಟೋದು. ಫೋನ್ ಹಿಡಿಯೋದು ಪಕ್ಕದ ಮನೆಯ ಪಿಯುಸಿ ಓದುವ ತಮ್ಮ. ಸಿಸ್ಟರ್ ದಿನಾ ಅವೇ ಪ್ರಶ್ನೆ ಕೇಳುತ್ತಿದ್ದರು. ಬೆಳಗಿನ ಖಾಲಿ ಹೊಟ್ಟೆ ಶುಗರ್ ಎಷ್ಟು? ಬಟ್ಟೆ ಎಷ್ಟು ನೆನೆದಿತ್ತು? ವಾಸನೆ ಇದೆಯಾ? ಕಾಲೂರಿ ನಡೆದರಾ? ಊಟ ಏನು?

ಮನೆಗೆ ಬಂದ ಐದನೇ ದಿನ. ಫೋಟೋದಲ್ಲಿ ಗಾಯ ಚೆನ್ನಾಗಿತ್ತು, ಕೆಂಪಗೆ, ಸ್ವಚ್ಛವಾಗಿ. ನಾನು ಖುಷಿಯಲ್ಲಿದ್ದೆ. ಆದರೆ ಶುಗರ್ 148 ಇದ್ದದ್ದು 236 ತೋರಿಸಿತು. ಊಟದಲ್ಲಿ ಏನೂ ಬದಲಾಗಿರಲಿಲ್ಲ. ಆಯಿ ಮೆಲ್ಲಗೆ ಅಂದರು, "ನಿನ್ನೆ ಇಲ್ಲದ ಒಂದು ವಾಸನೆ ಇವತ್ತಿದೆ." ಸಿಸ್ಟರ್ ತಕ್ಷಣ, "ಆಯಿ, ಅಂಗಾಲು ಮೆತ್ತಗೆ ಒತ್ತಿ ನೋಡಿ, ಬೆರಳ ಬುಡದಿಂದ ಹಿಂದಕ್ಕೆ" ಅಂದರು. ಒಂದು ಕಡೆ ಬಿಸಿಯಾಗಿ, ಹಣ್ಣಾದ ಪಪ್ಪಾಯಿ ಥರ ಮೆತ್ತಗಿತ್ತು. ಒತ್ತಿದ ಕೂಡಲೇ ಹೊಲಿಗೆಯ ಸಂದಿಯಿಂದ ಬೂದು ಬಣ್ಣದ ನೀರು ಬಂತು. ಅಪ್ಪನಿಗೆ ಆಗಲೂ ನೋವಿಲ್ಲ, ಜ್ವರ ಇಲ್ಲ.

"ಇವತ್ತೇ ಹೊರಡಿ. ಊಟ ಕೊಡಬೇಡಿ, ಬಂದ ಕೂಡಲೇ ಆಪರೇಷನ್ ಥಿಯೇಟರ್‌ಗೆ ಹೋಗಬೇಕಾಗಬಹುದು. ಇನ್ಸುಲಿನ್ ವಿಷಯ ಡಾಕ್ಟರ್ ಕೇಳಿ ಐದು ನಿಮಿಷದಲ್ಲಿ ಹೇಳ್ತೀನಿ. ದಾರಿಯಲ್ಲಿ ಬೆವರು, ನಡುಕ ಬಂದರೆ ತಕ್ಷಣ ಸಕ್ಕರೆ ಕೊಡಿ, ಕಾಯಬೇಡಿ." ಸಂಜೆಗೆ ತಲುಪಿದೆವು. ಹೊಲಿಗೆ ಬಿಚ್ಚಿ, ಅಂಗಾಲಿನ ಒಳಗೆ ಕಟ್ಟಿದ್ದ ಕೀವು ತೆಗೆದರು. ಇನ್ನೆರಡು ದಿನ ಬಿಟ್ಟಿದ್ದರೆ ಪಾದ ಉಳಿಯುತ್ತಿರಲಿಲ್ಲ ಅಂತ ಡಾಕ್ಟರ್ ಹೇಳಿದರು.

ನನಗೆ ಅನ್ನಿಸಿದ್ದು ಇಷ್ಟು. ಫೋನಿನ ಆ ಕಡೆ ಸಿಸ್ಟರ್ ಇದ್ದದ್ದು ಎಷ್ಟು ಮುಖ್ಯವೋ, ಈ ಕಡೆ ಆಯಿಯ ಮೂಗು, ಆಯಿಯ ಕೈ ಇದ್ದದ್ದು ಅಷ್ಟೇ ಮುಖ್ಯ. ನಿಮ್ಮಲ್ಲಿ ಯಾರಿಗಾದರೂ ಇಂಥ ಸಹಾಯ ಸಿಕ್ಕಿದೆಯಾ? ಹೇಗೆ ಮಾಡಿಕೊಂಡಿರಿ?

ದಾವಣಗೆರೆ ಮೇಷ್ಟ್ರು

ಓದಿ ಮೈ ಜುಮ್ ಅಂತು ತಾಯಿ. ನಮ್ಮ ಮನೆಯವರಿಗೆ ಗರ್ಭಕೋಶ ತೆಗೆದು ಇವತ್ತಿಗೆ ನಾಲ್ಕನೇ ದಿನ. ಅವರಿಗೂ ಶುಗರ್ ಇದೆ. ನಾಳೆ ಮನೆಗೆ ಕಳಿಸುತ್ತಾರಂತೆ. ನಮ್ಮ ಕೈಗೆ ಮಾತ್ರೆ ಚೀಟಿ ಬಿಟ್ಟರೆ ಬೇರೇನೂ ಬಂದಿಲ್ಲ. ಫೋಟೋ ತೆಗೆಯೋದಕ್ಕೆ ಏನಾದರೂ ಕ್ರಮ ಇದೆಯಾ? ಹೇಗೋ ತೆಗೆದು ಕಳಿಸಿದರೆ ಅವರಿಗೆ ಅರ್ಥ ಆಗುತ್ತಾ?

ಸಿದ್ದಾಪುರದ ಮಗಳು

ಮೇಷ್ಟ್ರೇ, ನಮ್ಮ ಸಿಸ್ಟರ್ ಹೇಳಿಕೊಟ್ಟಿದ್ದು ಹೇಳ್ತೀನಿ. ಹಗಲು ಬೆಳಕಲ್ಲಿ, ದಿನಾ ಅದೇ ಜಾಗ, ಅದೇ ಹೊತ್ತು. ಫ್ಲ್ಯಾಶ್ ಬೇಡ, ಒದ್ದೆ ಗಾಯ ಹೊಳೆದು ಬೆಳ್ಳಗೆ ಕಾಣುತ್ತೆ. ಟ್ಯೂಬ್‌ಲೈಟ್ ಕೆಳಗೂ ಬೇಡ, ಬಣ್ಣ ಬದಲಾಗುತ್ತೆ. ಗಾಯದ ಪಕ್ಕ ಒಂದು ಸ್ಕೇಲ್ ಇಡಿ, ತಾಗಿಸಬೇಡಿ. ಒಂದು ಫೋಟೋ ದೂರದಿಂದ, ಸುತ್ತಲಿನ ಚರ್ಮ ಪೂರ್ತಿ ಕಾಣೋ ಹಾಗೆ. ಇನ್ನೊಂದು ಹತ್ತಿರದಿಂದ. ಕಾಲಾದರೆ ಅಂಗಾಲಿನದೂ ಬೇಕು.

ಇನ್ನೊಂದು ಮುಖ್ಯ ವಿಷಯ, ಬಿಚ್ಚಿದ ಹಳೆಯ ಬಟ್ಟೆಯ ಫೋಟೋ. ನಾವು ಮೊದಲ ದಿನ ಅದನ್ನು ಸುಮ್ನೆ ಸುತ್ತಿ ಎಸೆದಿದ್ದೆವು. ಸಿಸ್ಟರ್ ಬೇಜಾರು ಮಾಡಿಕೊಂಡರು. ಎಷ್ಟು ನೆನೆದಿದೆ, ಯಾವ ಬಣ್ಣ ಅನ್ನೋದು ಬಟ್ಟೆಯಲ್ಲೇ ಗೊತ್ತಾಗೋದಂತೆ.

ಫೋಟೋ ಮನೆಯ ಗ್ರೂಪಿಗೆ ಹಾಕಬೇಡಿ ಮೇಷ್ಟ್ರೇ. ಅಮ್ಮನವರನ್ನು ಕೇಳಿ, ಸಿಸ್ಟರ್‌ಗೆ ಮಾತ್ರ ಕಳಿಸಿ.

ವಾರ್ಡ್ ಸಿಸ್ಟರ್, ಮಂಗಳೂರು

ಸರ್ಜರಿ ವಾರ್ಡಿನಲ್ಲಿ 19 ವರ್ಷ ಕೆಲಸ ಮಾಡಿದ್ದೇನೆ. ಈಗ ಮೂರು ವರ್ಷದಿಂದ ಡಿಸ್ಚಾರ್ಜ್ ಆದವರಿಗೆ ಫೋನ್ ಮಾಡಿ ವಿಚಾರಿಸುವುದೇ ನನ್ನ ಕೆಲಸ. ಸಿದ್ದಾಪುರದ ತಂಗಿ ಬರೆದದ್ದು ಓದಿ ಆ ಸಿಸ್ಟರ್‌ಗೂ ನಿಮ್ಮ ಆಯಿಗೂ ಕೈ ಮುಗಿಯಬೇಕು ಅನ್ನಿಸಿತು.

ಫೋನ್ ಮಾಡಿದಾಗ ಫೋಟೋ ನೋಡುವ ಮೊದಲು ನಾನು ಶುಗರ್ ಕೇಳುತ್ತೇನೆ. ಯಾಕೆ ಅಂದರೆ, ಬೇರೆಯವರಲ್ಲಿ ಗಾಯ ಕೆಟ್ಟರೆ ನೋವು ಬರುತ್ತೆ, ಜ್ವರ ಬರುತ್ತೆ, ಅವರೇ ಓಡಿ ಬರುತ್ತಾರೆ. ತುಂಬ ವರ್ಷ ಶುಗರ್ ಇದ್ದವರಲ್ಲಿ ನರ ಜೋಮು ಹಿಡಿದಿರುತ್ತೆ, ನೋವು ಹೇಳುವವರೇ ಇಲ್ಲ. ಶುಗರ್ ಜಾಸ್ತಿ ಇದ್ದಾಗ ರಕ್ತದ ಬಿಳಿ ಕಣಗಳು ಸರಿಯಾಗಿ ಹೋರಾಡುವುದಿಲ್ಲ, ಹಾಗಾಗಿ ಜ್ವರವೂ ತಡ. ಆದರೆ ಒಳಗೆ ಸೋಂಕು ಶುರುವಾದರೆ ಶುಗರ್ ಮೇಲೇರುತ್ತೆ. ಊಟ ಅದೇ, ಔಷಧಿ ಅದೇ, ಶುಗರ್ ಮಾತ್ರ ಎರಡು ದಿನದಿಂದ ಏರ್ತಾ ಇದೆ ಅಂದರೆ ಗಾಯದ ಕಡೆ ನೋಡಬೇಕು. ಎಷ್ಟೋ ಮನೆಯಲ್ಲಿ ಆಗ ಊಟ ಕಡಿಮೆ ಮಾಡಿಸುತ್ತಾರೆ. ಕಾರಣ ಊಟವಲ್ಲ, ಗಾಯ.

ಇನ್ನು ಕೆಂಪಾಗುವುದು. ನಮ್ಮ ಮೈಬಣ್ಣಕ್ಕೆ ಕೆಂಪು ಫೋಟೋದಲ್ಲಿ ಚೆನ್ನಾಗಿ ಕಾಣಲ್ಲ. ನೇರಳೆ ಛಾಯೆ, ಬಿಗಿದ ಹೊಳಪು ಕಾಣಬಹುದು, ಅದೂ ಅನುಮಾನ. ಅದಕ್ಕೆ ನಾನು ಮನೆಯವರಿಗೆ ಹೇಳೋದು, ನಿಮ್ಮ ಹಿಂಗೈಯನ್ನು ಗಾಯದ ಪಕ್ಕ ಇಡಿ, ಆಮೇಲೆ ಇನ್ನೊಂದು ಕಾಲಿನ ಅದೇ ಜಾಗದಲ್ಲಿ ಇಡಿ. ಬಿಸಿಯಲ್ಲಿ ವ್ಯತ್ಯಾಸ ಇದೆಯಾ? ಬಾವಿನ ಅಂಚಿಗೆ ಪೆನ್ನಿನಲ್ಲಿ ಗೆರೆ ಎಳೆಯಿರಿ. ನಾಳೆ ಬಾವು ಗೆರೆ ದಾಟಿದರೆ ಫೋನ್ ಮಾಡಬೇಡಿ, ನೇರ ಬನ್ನಿ.

ಮೇಷ್ಟ್ರೇ, ನಿಮ್ಮವರದು ಹೊಟ್ಟೆಯ ಆಪರೇಷನ್. ಐದರಿಂದ ಹತ್ತನೇ ದಿನದ ನಡುವೆ ಹುಷಾರಾಗಿರಿ. ಇದ್ದಕ್ಕಿದ್ದಂತೆ ತಿಳಿ ಗುಲಾಬಿ ನೀರು ಬಂದು ಸೀರೆ ಒದ್ದೆಯಾಗುವಷ್ಟಾದರೆ ಒಳಗಿನ ಹೊಲಿಗೆ ಬಿಟ್ಟಿರಬಹುದು. ಹೊರಗಿನ ಹೊಲಿಗೆ ಚೆನ್ನಾಗೇ ಕಾಣುತ್ತಿರುತ್ತೆ. ಮಲಗಿಸಿ, ಮೊಣಕಾಲು ಮಡಚಿಸಿ, ಶುದ್ಧ ಒದ್ದೆ ಬಟ್ಟೆ ಮುಚ್ಚಿ 108ಕ್ಕೆ ಕರೆ ಮಾಡಿ. ಕೆಮ್ಮುವಾಗ, ಏಳುವಾಗ ಹೊಟ್ಟೆಗೆ ದಿಂಬು ಒತ್ತಿ ಹಿಡಿಯಲಿ. ಹೊಲಿಗೆ ಬಿಚ್ಚಿದ ಮೇಲೂ ಮರೆಯಬೇಡಿ. ಆಪರೇಷನ್ ಆಗಿ 30 ದಿನದವರೆಗೆ ಬಂದ ಸೋಂಕನ್ನು ಆಪರೇಷನ್ ಗಾಯದ ಸೋಂಕು ಅಂತಲೇ ಲೆಕ್ಕ. ಕೃತಕ ಮಂಡಿಚಿಪ್ಪು, ರಾಡು, ಜಾಳಿಗೆ (ಮೆಶ್) ಏನಾದರೂ ಒಳಗೆ ಹಾಕಿದ್ದರೆ 90 ದಿನ.

ನನ್ನಿಂದ ಆಗದ್ದನ್ನೂ ಹೇಳಿಬಿಡ್ತೀನಿ. ಇನ್ಸುಲಿನ್ ಎಷ್ಟು ಯೂನಿಟ್ ಅಂತ ನಾನಾಗಿ ಬದಲಿಸುವ ಹಾಗಿಲ್ಲ. ಆಂಟಿಬಯಾಟಿಕ್ ಬರೆಯುವ ಹಾಗಿಲ್ಲ. 2020ರ ಮಾರ್ಚ್ 25ರಂದು ಕೇಂದ್ರ ಸರ್ಕಾರ ತಂದ ಟೆಲಿಮೆಡಿಸಿನ್ (ಫೋನ್, ವಿಡಿಯೋ ಮೂಲಕ ಚಿಕಿತ್ಸೆ) ನಿಯಮ ನೋಂದಾಯಿತ ಡಾಕ್ಟರುಗಳಿಗೆ. ನರ್ಸ್ ಅದರಲ್ಲಿ ಸೇತುವೆ, ರೋಗಿಯನ್ನೂ ಡಾಕ್ಟರನ್ನೂ ಕೂಡಿಸುವವಳು. ಹಾಗಾಗಿ ಹಿಂದೆ ಡಾಕ್ಟರ್ ಯಾರೂ ಇಲ್ಲದೆ ಬರೀ ನರ್ಸ್ ನಂಬರ್ ಕೊಟ್ಟರೆ ಅದನ್ನು ನಂಬಬೇಡಿ.

ಒಂದು ಮಾತ್ರ ಯಾರನ್ನೂ ಕೇಳದೆ ಮಾಡಿ. ಮೈ ಬೆವರಿ, ನಡುಕ ಬಂದು, ಶುಗರ್ 70ಕ್ಕಿಂತ ಕೆಳಗಿದ್ದರೆ ಮೂರು ಚಮಚ ಸಕ್ಕರೆ ನೀರಲ್ಲಿ ಕದಡಿ ಕುಡಿಸಿ. 15 ನಿಮಿಷ ಬಿಟ್ಟು ಮತ್ತೆ ನೋಡಿ. ಪ್ರಜ್ಞೆ ಇಲ್ಲದಿದ್ದರೆ ಬಾಯಿಗೆ ಏನೂ ಹಾಕಬೇಡಿ, ಆಂಬುಲೆನ್ಸ್ ಕರೆಯಿರಿ.

ಹಾಸನದ ಮಗ

ಎಲ್ಲರೂ ಒಳ್ಳೆಯದನ್ನೇ ಬರೆದಿದ್ದೀರಿ. ನನ್ನ ಅನುಭವ ಬೇರೆ. ಹೇಳದೆ ಇರೋಕೆ ಮನಸ್ಸು ಬರ್ತಿಲ್ಲ.

ಎರಡು ವರ್ಷದ ಹಿಂದೆ ನಮ್ಮ ತಂದೆಗೂ ಹೆಬ್ಬೆರಳ ಆಪರೇಷನ್ ಆಗಿತ್ತು. ದುಡ್ಡು ಕಟ್ಟಿ ಫೋನ್ ಮೇಲೆ ಗಾಯ ನೋಡಿಕೊಳ್ಳುವ ಒಂದು ಸೇವೆಗೆ ಸೇರಿಸಿದ್ದೆ. ದಿನಾ ವಾಟ್ಸಾಪ್‌ಗೆ ಫೋಟೋ ಹಾಕ್ತಿದ್ದೆವು. ದಿನಾ ಬೇರೆ ಬೇರೆಯವರು ಉತ್ತರ ಕೊಡ್ತಿದ್ದರು. "ಚೆನ್ನಾಗಿದೆ, ಮುಂದುವರಿಸಿ." ಯಾರೂ ಶುಗರ್ ಕೇಳಲಿಲ್ಲ, ವಾಸನೆ ಕೇಳಲಿಲ್ಲ, ಅಂಗಾಲು ತೋರಿಸಿ ಅನ್ನಲಿಲ್ಲ. ನಾವೂ ಆ ಒಂದು ಮಾತು ನಂಬಿಕೊಂಡು ಸುಮ್ಮನಿದ್ದೆವು. ನಾಲ್ಕು ದಿನ ಹಾಗೇ ಹೋಯ್ತು. ಐದನೇ ದಿನ ಕಣಕಾಲಿನವರೆಗೆ ಊದಿತ್ತು. ಮೊಣಕಾಲ ಕೆಳಗೆ ಕಾಲು ತೆಗೆಯಬೇಕಾಯ್ತು.

ಫೋನ್ ಇಲ್ಲದೇ ಇದ್ದಿದ್ದರೆ ಎರಡನೇ ದಿನವೇ ಭಯ ಬಿದ್ದು ಆಸ್ಪತ್ರೆಗೆ ಓಡ್ತಿದ್ದೆ. ಆ ಉತ್ತರ ನನ್ನ ಭಯವನ್ನು ಕಿತ್ತುಕೊಂಡಿತು. ಅದನ್ನು ಇವತ್ತಿಗೂ ಮರೆಯೋಕೆ ಆಗಿಲ್ಲ.

ವಾರ್ಡ್ ಸಿಸ್ಟರ್, ಮಂಗಳೂರು

ಹಾಸನದ ತಮ್ಮ, ನಿಮ್ಮ ಮಾತು ಪೂರ್ತಿ ಸರಿ. ಫೋಟೋ ನೋಡಿ "ಚೆನ್ನಾಗಿದೆ" ಅನ್ನುವುದು ಶುಶ್ರೂಷೆ ಅಲ್ಲ. ಮೊನ್ನೆ ನೋಡಿದವರೇ ಇವತ್ತೂ ನೋಡಬೇಕು, ಆಗಲೇ ಬದಲಾವಣೆ ಕಣ್ಣಿಗೆ ಬೀಳೋದು. ನೀವು ನಿಮ್ಮನ್ನು ದೂರಿಕೊಳ್ಳಬೇಡಿ.

ನಿವೃತ್ತ ಸರ್ಜನ್, ಶಿವಮೊಗ್ಗ

ಹಾಸನದವರು ಬರೆದದ್ದನ್ನು ಎರಡು ಸಲ ಓದಿದೆ. ಈ ಅನುಮಾನ ಬೇರೆ ಕಡೆಯೂ ಇದೆ.

2015ರಲ್ಲಿ ಡೆನ್ಮಾರ್ಕಿನ ಒಂದು ದೊಡ್ಡ ಅಧ್ಯಯನ ಬಂತು. ಶುಗರ್‌ನಿಂದ ಕಾಲುಹುಣ್ಣಾದ 370ಕ್ಕೂ ಹೆಚ್ಚು ಜನ. ಒಂದು ಗುಂಪು ಎಂದಿನಂತೆ ಆಸ್ಪತ್ರೆಗೆ ಬಂತು. ಇನ್ನೊಂದು ಗುಂಪನ್ನು ಹೆಚ್ಚಾಗಿ ದೂರದಿಂದ ನೋಡಿದರು. ಹುಣ್ಣು ಮಾಯುವುದರಲ್ಲಿ, ಕಾಲು ತೆಗೆಯುವುದರಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಬರಲಿಲ್ಲ. ಆದರೆ ದೂರದಿಂದ ನೋಡಿದ ಗುಂಪಿನಲ್ಲಿ ಸಾವು ಜಾಸ್ತಿ ಇತ್ತು. ಕಾರಣ ಅವರಿಗೇ ಸ್ಪಷ್ಟವಾಗಲಿಲ್ಲ. 2018ರಲ್ಲಿ ನಾರ್ವೆಯವರು 182 ಜನರ ಮೇಲೆ ಮಾಡಿದರು. ಊರಿನ ನರ್ಸ್‌ಗಳಿಗೆ ತರಬೇತಿ ಕೊಟ್ಟು, ಅವರು ಫೋಟೋ ಮತ್ತು ವಿವರ ಕಳಿಸಿ, ಆಸ್ಪತ್ರೆಯ ತಜ್ಞರು ಉತ್ತರಿಸುವ ವ್ಯವಸ್ಥೆ. ಅಲ್ಲಿ ಹುಣ್ಣು ಮಾಯಲು ಹೆಚ್ಚು ದಿನ ಹಿಡಿಯಲಿಲ್ಲ, ಕಾಲು ಅಥವಾ ಬೆರಳು ತೆಗೆಯಬೇಕಾಗಿ ಬಂದದ್ದು ಕಡಿಮೆ. ಇವೆರಡೂ ಹುಣ್ಣಿನ ಕುರಿತು. ಆಪರೇಷನ್ ಗಾಯಕ್ಕೆ ಹತ್ತಿರವಾದದ್ದು ಅಮೆರಿಕದ ವಿಸ್ಕಾನ್ಸಿನ್‌ನದು. ರಕ್ತನಾಳದ ಆಪರೇಷನ್ ಆದ 40 ಜನ ದಿನಾ ಮನೆಯಿಂದ ಫೋಟೋ ಕಳಿಸಿದರು, ನರ್ಸ್‌ಗಳು ನೋಡಿದರು. ಏಳು ಗಾಯ ಕೆಟ್ಟಿದ್ದು ಸಿಕ್ಕಿತು, ಒಂದು ತಪ್ಪಿತು.

ಆ ತಪ್ಪಿದ ಒಂದರ ಬಗ್ಗೆ ನಾನು ಯಾವಾಗಲೂ ಯೋಚಿಸುತ್ತೇನೆ. ಫೋಟೋ ಆಳ ತೋರಿಸಲ್ಲ. ಮೂಳೆ ಮುಟ್ಟುತ್ತಿದೆಯಾ ಅಂತ ಸಲಾಕೆ ಹಾಕಿ ನೋಡಬೇಕು. ಎಲ್ಲಕ್ಕಿಂತ ಮುಖ್ಯ, ರಕ್ತ ಹರಿಯುತ್ತಿದೆಯಾ ಅನ್ನುವುದು ಫೋಟೋದಲ್ಲಿ ತಿಳಿಯಲ್ಲ. ಪಾದದ ಮೇಲಿನ ನಾಡಿ ಮುಟ್ಟಿ ನೋಡಬೇಕು. ಶುಗರ್ ಇರುವವರಲ್ಲಿ ರಕ್ತನಾಳ ಗಟ್ಟಿಯಾಗಿ, ಕಣಕಾಲಿನಲ್ಲಿ ಬಿಪಿ ಪಟ್ಟಿ ಕಟ್ಟಿ ಅಳೆದರೂ ಸುಳ್ಳು ಲೆಕ್ಕ ಕೊಡುವುದುಂಟು. ರಕ್ತವೇ ಬರದ ಕಾಲಿಗೆ ಎಷ್ಟು ಚೆನ್ನಾಗಿ ಡ್ರೆಸ್ಸಿಂಗ್ ಮಾಡಿದರೂ ಮಾಯುವುದಿಲ್ಲ. ಡಿಸ್ಚಾರ್ಜ್‌ಗೆ ಮೊದಲೇ ಕೇಳಿ, "ಡಾಕ್ಟ್ರೇ, ಕಾಲಿಗೆ ರಕ್ತ ಸರಿಯಾಗಿ ಬರ್ತಿದೆಯಾ, ಪರೀಕ್ಷೆ ಮಾಡಿದ್ದೀರಾ?" ಅದನ್ನು ಕೇಳಲು ಸಂಕೋಚ ಬೇಡ.

ಹೊಲಿಗೆ ಬಿಚ್ಚುವ ದಿನ, ಹದಿನೈದನೇ ದಿನ, ತಿಂಗಳಿಗೊಮ್ಮೆ, ಇಷ್ಟಾದರೂ ನೇರ ಬಂದು ತೋರಿಸಬೇಕು. ಉಳಿದ ದಿನಗಳಿಗೆ ಫೋನ್ ಇರಲಿ, ಅದು ದೊಡ್ಡ ಉಪಕಾರ.

ಮಂಡ್ಯದ ಸೊಸೆ

ಒಂದು ಸಹಾಯ ಬೇಕು. ನಮ್ಮ ಮಾವನಿಗೆ ಹರ್ನಿಯಾ ಆಪರೇಷನ್ ಆಗಿ ಹತ್ತು ದಿನ. ಶುಗರ್ ಇದೆ. ಅತ್ತೆ ಬರೀ ಅನ್ನದ ಗಂಜಿ, ಮೆಣಸಿನ ಸಾರು ಕೊಡ್ತಿದ್ದಾರೆ. ಬೇಳೆ ಕೊಟ್ಟರೆ ಕೀವಾಗುತ್ತೆ, ಮೊಟ್ಟೆ, ಬದನೆಕಾಯಿ ನಂಜು ಅಂತಾರೆ. ಗಾಯ ಇನ್ನೂ ಹಸಿಯಾಗೇ ಇದೆ. ಮಾವ ಸೋತು ಹೋಗಿದ್ದಾರೆ. ನಾನು ಹೇಳಿದರೆ ಅತ್ತೆಗೆ ಬೇಜಾರಾಗುತ್ತೆ.

ಆಹಾರ ಸಲಹೆಗಾರ್ತಿ, ಮೈಸೂರು

ಮಂಡ್ಯದ ಅಕ್ಕ, ಇದು ಬಹಳ ಮನೆಗಳ ಕಥೆ. ಅತ್ತೆಯವರ ಕಾಳಜಿ ನಿಜವಾದದ್ದೇ. ಆದರೆ ಈ ಪಥ್ಯದಿಂದ ಎರಡು ಕಡೆ ನಷ್ಟ. ಗಂಜಿ ಬೇಗ ಕರಗಿ ಶುಗರ್ ಏರಿಸುತ್ತೆ. ಹೊಸ ಮಾಂಸ ಕಟ್ಟಲು ಬೇಕಾದ ಪ್ರೋಟೀನ್ ಅದರಲ್ಲಿ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ.

ಕೀವು ಆಗುವುದು ರೋಗಾಣುವಿನಿಂದ, ಬೇಳೆಯಿಂದ ಅಲ್ಲ. ಗಾಯ ಮಾಯುವ ಹೊತ್ತಲ್ಲಿ ದೊಡ್ಡವರಿಗೆ ದಿನಕ್ಕೆ, ಮೈತೂಕದ ಕಿಲೋಗೆ 1.2ರಿಂದ 1.5 ಗ್ರಾಂ ಪ್ರೋಟೀನ್ ಬೇಕು ಅಂತ ಲೆಕ್ಕ. 60 ಕಿಲೋ ಇದ್ದವರಿಗೆ 72ರಿಂದ 90 ಗ್ರಾಂ. ಒಂದು ಮೊಟ್ಟೆಯಲ್ಲಿ ಸಿಗೋದು ಸುಮಾರು 6 ಗ್ರಾಂ. ಹಾಗಾಗಿ ಬೆಳಿಗ್ಗೆ ಮೊಟ್ಟೆ, ಮಧ್ಯಾಹ್ನ ಗಟ್ಟಿ ತೊವ್ವೆ, ಸಂಜೆ ಹುರಿಗಡಲೆ ಅಥವಾ ಮೊಳಕೆ ಹುರುಳಿ, ರಾತ್ರಿ ಮೊಸರು, ಹೀಗೆ ಮೂರು ನಾಲ್ಕು ಹೊತ್ತಿಗೆ ಹಂಚಬೇಕು. ಮೀನು, ಕೋಳಿ ತಿನ್ನುವವರಿಗೆ ಸುಲಭ. ಮುದ್ದೆ ಇರಲಿ, ಆದರೆ ಶುಗರ್‌ಗೆ ಒಳ್ಳೇದು ಅಂತ ಎರಡು ಮೂರು ಮುದ್ದೆ ಬೇಡ, ಒಂದು ಸಣ್ಣದು. ನೆಲ್ಲಿಕಾಯಿ, ಸೊಪ್ಪು ಸೇರಿಸಿ.

ಮಾವನವರ ಕಿಡ್ನಿ ಹೇಗಿದೆ ಅಂತ ಮೊದಲು ಕ್ರಿಯೇಟಿನಿನ್ ರಿಪೋರ್ಟ್ ನೋಡಿಸಿ. ಕಿಡ್ನಿ ಸೋತಿದ್ದರೆ ಈ ಲೆಕ್ಕ ಬದಲಾಗುತ್ತೆ, ಡಾಕ್ಟರನ್ನೇ ಕೇಳಬೇಕು. ಹತ್ತು ದಿನವಾದರೂ ಗಾಯ ಹಸಿ ಅಂದರೆ ಇವತ್ತೇ ತೋರಿಸಿ, ಊಟ ಬದಲಿಸಿ ಕಾಯಬೇಡಿ. ಅತ್ತೆಗೆ ನೀವು ಹೇಳಬೇಡಿ. ಸಿಸ್ಟರ್ ವಿಡಿಯೋ ಕಾಲ್‌ನಲ್ಲಿ ಅತ್ತೆಯ ಜೊತೆಯೇ ಮಾತಾಡಲಿ. ನಾನು ಎಷ್ಟೋ ಸಲ ಹಾಗೆ ಮಾಡಿದ್ದೇನೆ. ಒಲೆ ಯಾರ ಕೈಯಲ್ಲಿದೆಯೋ ಅವರ ಜೊತೆ ಮಾತಾಡಬೇಕು.

ವಾರ್ಡ್ ಸಿಸ್ಟರ್, ಮಂಗಳೂರು

ಇದಕ್ಕೆ ಒಂದು ಸೇರಿಸಲಾ? ಗಾಯದ ಮೇಲೆ ಅರಿಶಿನ, ಕಾಫಿಪುಡಿ, ಸುಣ್ಣ ಯಾವುದೂ ಬೇಡ. ಸ್ಪಿರಿಟ್, ಡೆಟಾಲ್, ನೊರೆ ಬರುವ ಹೈಡ್ರೋಜನ್ ಪೆರಾಕ್ಸೈಡ್ ಕೂಡ ದಿನಾ ಸುರಿಯಬೇಡಿ. ಹೊಸದಾಗಿ ಹುಟ್ಟಿದ ಎಳೆ ಮಾಂಸ ಸುಟ್ಟುಹೋಗುತ್ತೆ. ಗಾಯ ತೊಳೆಯಲು ಸಲೈನ್ ಸಾಕು.

ಸಮುದಾಯ ಆರೋಗ್ಯ ಅಧಿಕಾರಿ, ಕೊಪ್ಪಳ ಜಿಲ್ಲೆ

ನಮಸ್ಕಾರ ರೀ. ನಾನು ನರ್ಸಿಂಗ್ ಓದಿ ಈಗ ಹಳ್ಳಿಯ ಆಯುಷ್ಮಾನ್ ಆರೋಗ್ಯ ಮಂದಿರದಲ್ಲಿ ಇದ್ದೇನೆ. ನಿಮ್ಮೆಲ್ಲರ ಮನೆಯಲ್ಲಿ ದೊಡ್ಡ ಫೋನ್ ಇದೆ, ಹಿಡಿಯುವ ಹುಡುಗ ಇದ್ದಾನೆ. ನಮ್ಮ ಕಡೆ ಎಷ್ಟೋ ಮನೆಯಲ್ಲಿ ಮಕ್ಕಳು ಬೆಂಗಳೂರಿಗೆ, ಗೋವಾಕ್ಕೆ ದುಡಿಯಲು ಹೋಗಿ, ಉಳಿದಿರುವುದು ಇಬ್ಬರು ಮುದುಕರು ಮತ್ತು ಒಂದು ಬಟನ್ ಫೋನ್. ಅಲ್ಲಿ ಆ ಕೈ ನಾವೇ ಆಗಬೇಕು.

ಜಿಲ್ಲಾಸ್ಪತ್ರೆಯಿಂದ ಬಂದವರ ಡಿಸ್ಚಾರ್ಜ್ ಚೀಟಿಯನ್ನು ಆಶಾ ಅಕ್ಕ ನನಗೆ ತಂದು ತೋರಿಸುತ್ತಾರೆ. ನಾನು ಮನೆಗೆ ಹೋಗಿ ಡ್ರೆಸ್ಸಿಂಗ್ ಮಾಡಿ, ಗ್ಲುಕೋಮೀಟರ್‌ನಲ್ಲಿ ಶುಗರ್ ನೋಡಿ, ಅನುಮಾನ ಬಂದರೆ ಅಲ್ಲಿಂದಲೇ ಇ-ಸಂಜೀವನಿಯಲ್ಲಿ (ಸರ್ಕಾರದ ಟೆಲಿಮೆಡಿಸಿನ್ ಸೇವೆ) ಡಾಕ್ಟರಿಗೆ ತೋರಿಸುತ್ತೇನೆ. ನೆಟ್‌ವರ್ಕ್ ಸಿಗದಿದ್ದರೆ ಫೋಟೋ ತೆಗೆದುಕೊಂಡು ಕೇಂದ್ರಕ್ಕೆ ಬಂದು ಕೇಳುತ್ತೇನೆ. ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 2023ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ ದೇಶದಲ್ಲಿ 10.1 ಕೋಟಿ ಜನಕ್ಕೆ ಶುಗರ್ ಇದೆ. ಇಷ್ಟು ಜನಕ್ಕೆ ಪೇಟೆಯ ಆಸ್ಪತ್ರೆ ಎಲ್ಲಿ ಸಾಲುತ್ತದೆ ಹೇಳಿ? ಹಳ್ಳಿಯಲ್ಲಿ ಗಾಯ ನೋಡಲು ಬಲ್ಲವರನ್ನು ತಯಾರು ಮಾಡಲೇಬೇಕು.

ನನಗೆ ಬಹಳ ಕಷ್ಟ ಆಗೋದು ಡ್ರೆಸ್ಸಿಂಗ್ ಅಲ್ಲ, ಕಾಲೂರಬೇಡಿ ಅಂತ ಒಪ್ಪಿಸೋದು. ನೋವೇ ಇಲ್ಲದವರಿಗೆ ನಡೀಬೇಡಿ ಅಂದರೆ ಯಾಕೆ ಅಂತಾರೆ. ವೆಲ್ಲೂರಿನಲ್ಲಿ ಡಾ. ಪಾಲ್ ಬ್ರ್ಯಾಂಡ್ ಅನ್ನುವವರು ಕುಷ್ಠರೋಗಿಗಳ ಕಾಲು ನೋಡಿ ಇದನ್ನೇ ಕಂಡುಕೊಂಡಿದ್ದರು. ಬೆರಳು ಉದುರೋದು ಆ ರೋಗ ತಿಂದು ಅಲ್ಲ, ನೋವು ತಿಳಿಯದೆ ಅದೇ ಗಾಯದ ಮೇಲೆ ಮತ್ತೆ ಮತ್ತೆ ಭಾರ ಬಿದ್ದು. ಶುಗರ್ ಕಾಲಿನ ಕಥೆಯೂ ಅದೇ. ಅವತ್ತು ಕುಷ್ಠರೋಗಿಗಳಿಗೆ ಅಂತ ಬಂದ ಮೆತ್ತನೆ ಎಂಸಿಆರ್ (ಸಣ್ಣ ಸಣ್ಣ ರಂಧ್ರಗಳಿರುವ ರಬ್ಬರ್) ಚಪ್ಪಲಿಯನ್ನೇ ಇವತ್ತು ಶುಗರ್‌ನವರಿಗೆ ಕೊಡೋದು.

ನಮ್ಮ ಊರಿನ ಒಬ್ಬ ಯಜಮಾನರು ಹಗಲೆಲ್ಲ ಮಂಚದ ಮೇಲೆ ಕಾಲು ಚಾಚಿಕೊಂಡೇ ಇರುತ್ತಿದ್ದರು. ಆದರೂ ಗಾಯ ಮಾಯಲಿಲ್ಲ. ಒಂದು ದಿನ ಬ್ಯಾಂಡೇಜಿನ ತಳದಲ್ಲಿ ಸಗಣಿ ಮೆತ್ತಿತ್ತು. ನಸುಕಿನಲ್ಲಿ ಎದ್ದು ಎತ್ತಿಗೆ ಮೇವು ಹಾಕಲು ಹೋಗುತ್ತಿದ್ದರು. ನಾನು ಬೈಯಲಿಲ್ಲ. ಎತ್ತು ಅವರ ಜೀವ. ಪಕ್ಕದ ಮನೆಯ ಹುಡುಗನಿಗೆ ಮೇವು ಹಾಕಲು ಒಪ್ಪಿಸಿದೆ. ಮೂರು ವಾರದಲ್ಲಿ ಗಾಯ ಅರ್ಧಕ್ಕೆ ಇಳೀತು. ಫೋಟೋದಲ್ಲಿ ಬ್ಯಾಂಡೇಜಿನ ತಳವನ್ನೂ ನೋಡಿ ಸಿಸ್ಟರ್.

ಮಸ್ಕತ್ ಕನ್ನಡಿಗ

ಕುಂದಾಪುರದ ಹತ್ತಿರ ಅಮ್ಮ ಒಬ್ಬರೇ ಇದ್ದಾರೆ. ಪಿತ್ತಕೋಶದ ಆಪರೇಷನ್ ಆಗಿ ಮೂರು ವಾರ. ನಾನು ಇಲ್ಲಿಂದ ದಿನಾ ಕೇಳಿದರೆ "ಎಲ್ಲ ಸಮ ಇತ್ತ್" ಅನ್ನುತ್ತಾರೆ, ನನಗೆ ಚಿಂತೆ ಆಗಬಾರದು ಅಂತ. ಸಿಸ್ಟರ್ ಕೇಳಿದಾಗ ಮಾತ್ರ ನಿಜ ಹೇಳುತ್ತಾರೆ. ಹಾಗಾಗಿ ವಿಡಿಯೋ ಕಾಲ್‌ಗೆ ನಾನೂ ಸೇರುತ್ತೇನೆ, ಆದರೆ ಮೊದಲ ಐದು ನಿಮಿಷ ಬಾಯಿ ಬಿಡುವುದಿಲ್ಲ. ದೂರ ಇರುವ ಮಕ್ಕಳು ಇದನ್ನು ಮಾಡಿ ನೋಡಿ.

ಇನ್ನೊಂದು ಪ್ರಶ್ನೆ. ಮಳೆಗೆ ಎರಡೆರಡು ದಿನ ಕರೆಂಟ್ ಇರುವುದಿಲ್ಲ. ಇನ್ಸುಲಿನ್ ಕೆಡುತ್ತದೆಯಾ?

ಸಿದ್ದಾಪುರದ ಮಗಳು

ನಮ್ಮಲ್ಲೂ ಅದೇ ಕಷ್ಟ ಅಣ್ಣ. ತೆರೆಯದ ಇನ್ಸುಲಿನ್ ಫ್ರಿಜ್‌ನಲ್ಲಿ 2ರಿಂದ 8 ಡಿಗ್ರಿಯಲ್ಲಿ ಇರಬೇಕು. ತೆರೆದು ಬಳಸ್ತಾ ಇರೋದು ಬಿಸಿಲು ತಾಗದ ತಂಪು ಜಾಗದಲ್ಲಿ ಸಾಮಾನ್ಯವಾಗಿ 28 ದಿನ ಹೊರಗೇ ಇರಬಹುದು, ಡಬ್ಬಿ ಮೇಲೆ ಬರೆದಿರುತ್ತೆ. ಆಯಿ ಮಣ್ಣಿನ ಮಡಕೆಯಲ್ಲಿ ಸ್ವಲ್ಪ ನೀರು ಹಾಕಿ, ಒಳಗೆ ಸಣ್ಣ ಸ್ಟೀಲ್ ಡಬ್ಬಿ ತೇಲಿಸಿ, ಅದರಲ್ಲಿ ಸೀಸೆ ಇಡ್ತಾರೆ. ಸಿಸ್ಟರ್ ಸರಿ ಅಂದರು. ಫ್ರೀಜರ್‌ನಲ್ಲಿ ಮಾತ್ರ ಇಡಬೇಡಿ. ಹೆಪ್ಪುಗಟ್ಟಿದ ಇನ್ಸುಲಿನ್ ಮತ್ತೆ ಕರಗಿದರೂ ಕೆಲಸ ಮಾಡಲ್ಲ.

ಕರೆಂಟ್ ಹೋದರೆ ಟವರ್ ಕೂಡ ಹೋಗುತ್ತೆ. ಅದಕ್ಕೆ ಸಿಸ್ಟರ್ ಒಂದು ಒಪ್ಪಂದ ಮಾಡಿದ್ದರು. ಎರಡು ದಿನ ನಮ್ಮಿಂದ ಸುದ್ದಿ ಇಲ್ಲದಿದ್ದರೆ ಸಿದ್ದಾಪುರ ಪೇಟೆಯಲ್ಲಿರುವ ನಮ್ಮ ಭಾವನಿಗೆ ಫೋನ್ ಮಾಡೋದು, ಭಾವ ಬೈಕಲ್ಲಿ ಮನೆಗೆ ಹೋಗಿ ನೋಡೋದು. ಜುಲೈನಲ್ಲಿ ಎರಡು ಸಲ ಹಾಗೆ ಆಯ್ತು.

ದಾವಣಗೆರೆ ಮೇಷ್ಟ್ರು

ನಾನು ಮತ್ತೆ ಬಂದೆ. ಇದನ್ನೆಲ್ಲ ಓದಿ ಡಿಸ್ಚಾರ್ಜ್ ದಿನ ಕೇಳಬೇಕಾದ್ದನ್ನೆಲ್ಲ ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿದ್ದೆ. ರಾತ್ರಿ ತೊಂದರೆ ಆದರೆ ಯಾವ ನಂಬರ್? ಎತ್ತುವವರು ಯಾರು? ಶುಗರ್ ಎಷ್ಟಾದರೆ ಫೋನ್ ಮಾಡಬೇಕು? ಅಲ್ಲಿನ ಸಿಸ್ಟರ್ ಹಾಳೆ ಇಸ್ಕೊಂಡು ಅದರ ಮೇಲೇ ಉತ್ತರ ಬರೆದುಕೊಟ್ಟರು. 180 ದಾಟಿ ಎರಡು ದಿನ ನಿಂತರೆ ಫೋನ್ ಮಾಡಿ ಅಂದಿದ್ದಾರೆ. ಇವತ್ತು ಎಂಟನೇ ದಿನ. ಬೆಳಿಗ್ಗೆ 132. ಬಟ್ಟೆ ಒಣಗಿದೆ. ದಿಂಬು ಒತ್ತಿಕೊಂಡೇ ಕೆಮ್ಮುತ್ತಾರೆ.

ಹಾಸನದ ಮಗ

ಮೇಷ್ಟ್ರೇ, ಆ ಹಾಳೆಯ ಫೋಟೋ ಇಲ್ಲಿ ಹಾಕ್ತೀರಾ? ಅಮ್ಮನಿಗೂ ಶುಗರ್ ಇದೆ. ಮುಂದಿನ ತಿಂಗಳು ಕಣ್ಣಿನದು ಆದ ಮೇಲೆ ಮಂಡಿ ಆಪರೇಷನ್ ಮಾಡಿಸಬೇಕು. ಈ ಸಲ ಒಬ್ಬರೇ ಸಿಸ್ಟರ್ ನೋಡುವ ಹಾಗಿದ್ದರೆ ಮಾತ್ರ ಒಪ್ಪೋದು ಅಂದುಕೊಂಡಿದ್ದೇನೆ.

ದಾವಣಗೆರೆ ಮೇಷ್ಟ್ರು

ಖಂಡಿತ ಹಾಕ್ತೀನಪ್ಪ. ಹೆಸರು, ನಂಬರ್ ಮುಚ್ಚಿ ಸಂಜೆಗೆ ಹಾಕ್ತೀನಿ.

ಸಿದ್ದಾಪುರದ ಮಗಳು

ಎಲ್ಲರೂ ಅಪ್ಪನ ಬಗ್ಗೆ ಕೇಳಿದ್ದೀರಿ. ನಿನ್ನೆಗೆ ಹತ್ತನೇ ವಾರ. ಎರಡನೇ ಸಲದ ಗಾಯ ಮೊದಲು ನಾಲ್ಕು ಸೆಂಟಿಮೀಟರ್ ಇತ್ತು, ಈಗ ಹುಣಸೆಬೀಜದಷ್ಟಿದೆ. ಬೆಳಗಿನ ಶುಗರ್ 120ರ ಆಸುಪಾಸು. ಎಂಸಿಆರ್ ಚಪ್ಪಲಿ ಬಂದಿದೆ, ಮನೆಯೊಳಗೂ ಹಾಕ್ತಾರೆ. ದೇವರ ಕೋಣೆಗೆ ಹೋಗುವಾಗ ಹೇಗೆ ಅಂತ ಎರಡು ದಿನ ಚರ್ಚೆ ಆಯ್ತು. ಕೊನೆಗೆ ಅದಕ್ಕೇ ಒಂದು ಬೇರೆ ಜೊತೆ ತಂದು, ಬಾಗಿಲ ಬಳಿ ಇಟ್ಟಿದ್ದೇವೆ.

ನಿನ್ನೆ ವಿಡಿಯೋ ಕಾಲ್‌ನಲ್ಲಿ ಸಿಸ್ಟರ್ ಖುಷಿಯಾಗಿ ಮಾತಾಡಿದರು. "ಆಯಿ, ಇನ್ನು ವಾರಕ್ಕೊಂದು ಫೋಟೋ ಸಾಕು" ಅಂದರು. ಇಡುವ ಮೊದಲು, "ಎಡಗಾಲು ಒಮ್ಮೆ ತೋರಿಸಿ" ಅಂದರು. ಇಷ್ಟು ದಿನ ಭಾರವೆಲ್ಲ ಹೊತ್ತದ್ದು ಆ ಕಾಲು. ಆಯಿ ಫೋನನ್ನು ಹಿಮ್ಮಡಿ ಹತ್ತಿರ ಹಿಡಿದರು. ಒಂದು ಬಿರುಕು ಇತ್ತು, ಉಗುರಿನಷ್ಟು ಉದ್ದ, ಒಳಗೆ ತೆಳ್ಳಗೆ ಕೆಂಪು. ಅಪ್ಪನಿಗೆ ಗೊತ್ತಿರಲಿಲ್ಲ. ಇವತ್ತಿನಿಂದ ದಿನಾ ಅದರ ಫೋಟೋ ಹೋಗುತ್ತಿದೆ.